ಬೋರಿನ ನೀರು: ರಿಪೋರ್ಟಿನ ಅಂಕಿ ಏನು ಹೇಳುತ್ತದೆ?

ಪ್ರಶ್ನೆ: ಒಂದೇ ಬೋರಿನ ನೀರನ್ನು ಎರಡು ಕಡೆ ಪರೀಕ್ಷೆ ಮಾಡಿಸಿದೆವು. ಒಂದರಲ್ಲಿ ನೈಟ್ರೇಟ್ 62 ಬಂದಿದೆ, ಇನ್ನೊಂದರಲ್ಲಿ 14. ಯಾವುದನ್ನು ನಂಬಬೇಕು? ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ. ಕುದಿಸಿದರೆ ಸಾಕೇ?
— ಓದುಗರು, ಆಳಂದ

ಉತ್ತರ: ಎರಡೂ ಸರಿ ಇರಬಹುದು. ಮೊದಲನೆಯವರು ಇಡೀ ನೈಟ್ರೇಟ್ ತೂಕ ಬರೆದಿದ್ದಾರೆ, ಎರಡನೆಯವರು ಅದರೊಳಗಿನ ನೈಟ್ರೋಜನ್ ತೂಕ ಮಾತ್ರ. 14ನ್ನು 4.43ರಿಂದ ಗುಣಿಸಿ ನೋಡಿ, 62 ಬರುತ್ತದೆ. ರಿಪೋರ್ಟಿನಲ್ಲಿ ‘ನೈಟ್ರೇಟ್ ಆ್ಯಸ್ ಎನ್’ ಎಂದಿದೆಯೇ ಹುಡುಕಿ. ಲೀಟರಿಗೆ 45 ಮಿ.ಗ್ರಾಂ. ಎಂಬ ಮಿತಿ ಇಡೀ ನೈಟ್ರೇಟಿಗೆ. ನೈಟ್ರೋಜನ್ ಲೆಕ್ಕದಲ್ಲಿ ಅದೇ ಮಿತಿ ಸುಮಾರು 10. 14ರ ಪಕ್ಕ 45 ಎಂದು ಅಚ್ಚಾಗಿದ್ದರೆ ಕೆಟ್ಟ ನೀರೂ ಒಳ್ಳೆಯದೆಂದು ಕಾಣುತ್ತದೆ. ದೊಡ್ಡ ಮೋಸ ಆಗುವುದೇ ಇಲ್ಲಿ.

ಕುದಿಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಆವಿಯಾಗುವುದಿಲ್ಲ. ಒಂದು ಲೀಟರ್ ನೀರು ಮುಕ್ಕಾಲು ಲೀಟರಿಗೆ ಇಳಿದರೆ 62 ಇದ್ದದ್ದು 83 ಆಗುತ್ತದೆ. ಈ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೂಸಿಗೆ ಕೊಡಲೇಬೇಡಿ. ದೇಹದೊಳಗೆ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಇದರ ಅಪಾಯ ಹೆಚ್ಚು. ತುಟಿ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆರು ತಿಂಗಳವರೆಗೆ ತಾಯಿಹಾಲೊಂದೇ ಸಾಕು, ಮೇಲೆ ನೀರೂ ಬೇಡ.

ಬೋರಿನ ಹತ್ತಿರ ತಿಪ್ಪೆ, ಶೌಚಗುಂಡಿ ಇವೆಯೇ ನೋಡಿ. ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ, ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ಮಳೆಗಾಲದ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ನೀರಿನಲ್ಲಿ ಫ್ಲೋರೈಡ್ 1.4 ಇದೆ. 1.5ರ ಒಳಗಿದೆಯಲ್ಲ, ಚಿಂತೆಯಿಲ್ಲವೇ? ಟಿಡಿಎಸ್ ಮೀಟರಿನಲ್ಲೂ 400 ತೋರಿಸುತ್ತದೆ.
— ಓದುಗರು, ಗುರುಮಠಕಲ್

ಉತ್ತರ: ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಒಪ್ಪಬಹುದಾದ ಮಟ್ಟ 1.0. ಬೇರೆ ನೀರೇ ಸಿಗದಿದ್ದಾಗ ಮಾತ್ರ 1.5ರವರೆಗೆ. ಅಂಕಿಗಿಂತ ಮುಖ್ಯ, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದು. ಎರಡು ಲೀಟರ್ ಕುಡಿದವರ ಹೊಟ್ಟೆಗೆ 2.8 ಮಿ.ಗ್ರಾಂ. ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿದು ಐದು ಲೀಟರ್ ಕುಡಿದವರಿಗೆ 7 ಮಿ.ಗ್ರಾಂ. ಚಹಾಸೊಪ್ಪಿನದು ಬೇರೆ. ನಮ್ಮ ಭಾಗದ ಬೇಸಿಗೆಗೆ 1.4 ಕಡಿಮೆಯೇನಲ್ಲ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. 400 ಇದ್ದ ನೀರಿನಲ್ಲೂ 3 ಮಿ.ಗ್ರಾಂ. ಇರಬಹುದು. ಯಾದಗಿರಿ ಸುತ್ತಲಿನ ಗ್ರಾನೈಟ್, ನೈಸ್ (gneiss) ಎಂಬ ಕಲ್ಲುಗಳಿಂದಲೇ ಫ್ಲೋರೈಡ್ ನೀರಿಗಿಳಿಯುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಅದು ಅಷ್ಟು ಕರಗಿ ನಿಲ್ಲದು, ಹಾಗಾಗಿ ಗಡಸು ನೀರೆಂದು ಬಿಟ್ಟ ಬಾವಿಯಲ್ಲಿ ಫ್ಲೋರೈಡ್ ಕಡಿಮೆ ಇರಲೂಬಹುದು, ಅದನ್ನೂ ಪರೀಕ್ಷಿಸಿ. ಫ್ಲೋರೈಡ್ ಹಿಡಿಯುವ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಹಾಕಿಸುವುದಾದರೆ ಹೊರಬರುವ ನೀರನ್ನು ತಿಂಗಳಿಗೊಮ್ಮೆ ಅಳೆಯಿರಿ. ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5.5–6ರಲ್ಲಿ. ಬೋರಿನ ನೀರು ಸಾಮಾನ್ಯವಾಗಿ 7ರ ಮೇಲಿರುವುದರಿಂದ ಫಿಲ್ಟರ್ ಬೇಗ ತುಂಬಿ ಫ್ಲೋರೈಡ್ ಹಿಡಿಯದಾಗುತ್ತದೆ, ರುಚಿಯಲ್ಲಿ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಆರ್ಸೆನಿಕ್ ‘ಬಿಡಿಎಲ್’ ಎಂದು ಬಂದಿದೆ. ಇಲ್ಲ ಎಂದರ್ಥವೇ?
— ಓದುಗರು, ಸುರಪುರ

ಉತ್ತರ: ಹಾಗಲ್ಲ. ಬಿಡಿಎಲ್ ಅಂದರೆ ‘ಬಿಲೋ ಡಿಟೆಕ್ಷನ್ ಲಿಮಿಟ್’, ಲ್ಯಾಬಿನ ಉಪಕರಣದ ಕಣ್ಣಿಗೆ ಬೀಳುವಷ್ಟಿಲ್ಲ ಎಂದರ್ಥ. ಮಿತಿ ಲೀಟರಿಗೆ 0.01 ಮಿ.ಗ್ರಾಂ. ಲ್ಯಾಬಿಗೆ ಕಾಣುವ ಕನಿಷ್ಠ ಪ್ರಮಾಣವೇ 0.05 ಆಗಿದ್ದರೆ ಆ ರಿಪೋರ್ಟಿನಿಂದ ಪ್ರಯೋಜನವಿಲ್ಲ. ಆ ಅಂಕಿಯನ್ನು ಕೇಳಿ ಬರೆಸಿಕೊಳ್ಳಿ. ನಿಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದರಿಂದ ಇದನ್ನು ಹಗುರಾಗಿ ತಗೊಳ್ಳಬೇಡಿ.

ನೀರು ತುಂಬುವ ಮೊದಲು ಪಂಪನ್ನು ಐದರಿಂದ ಹತ್ತು ನಿಮಿಷ ಓಡಿಸಿ. ಆರ್ಸೆನಿಕ್ಕಿಗೆ ಬೇರೆಯೇ ಬಾಟಲಿ ಬೇಕು, ಲ್ಯಾಬಿನವರು ನೈಟ್ರಿಕ್ ಆ್ಯಸಿಡ್ ಹಾಕಿ ಕೊಟ್ಟದ್ದು. ಅದನ್ನು ತೊಳೆಯಬೇಡಿ. ಆ್ಯಸಿಡ್ ಇಲ್ಲದಿದ್ದರೆ ನೀರಿನ ಕಬ್ಬಿಣ ತುಕ್ಕಿನಂತೆ ತಳಕ್ಕಿಳಿಯುವಾಗ ಆರ್ಸೆನಿಕ್ಕನ್ನೂ ಎಳೆದುಕೊಳ್ಳುತ್ತದೆ, ಮೇಲಿನ ತಿಳಿ ಅಳೆದವರಿಗೆ ಕಡಿಮೆ ಬರುತ್ತದೆ. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಗಾಜು ಬೇಡ.