ಕೆಮಿಸ್ಟ್ರಿ ಬರದ ಕಸ್ಟಮ್ಸ್ ಇನ್ಸ್‌ಪೆಕ್ಟರ್ ಗ್ಯಾಸ್ ಹಿಡಿಯುವ ಟ್ರೇನಿಂಗ್‌ಗೆ ಹೋಗಬೇಕಾ?

ನೀವು ಮಂಡ್ಯದವರು, ಬಿಕಾಂ, ಹೊಸ ಇನ್ಸ್‌ಪೆಕ್ಟರ್. ಓಝೋನ್ ಹಾಳುಮಾಡುವ ಗ್ಯಾಸ್, ಇ-ತ್ಯಾಜ್ಯ ಇಂಥ ಸರಕು ಹಿಡಿಯುವ ಟ್ರೇನಿಂಗ್‌ಗೆ ನಿಮ್ಮ ಹೆಸರು ಕೇಳಿದ್ದಾರೆ. ಕೆಮಿಸ್ಟ್ರಿ ಬರಲ್ಲ, ಹೇಗೂ ಗ್ಯಾಸ್ ಗುರುತಿಸುವ ಮಷೀನ್ ಇದೆ, ಹೋಗಿ ಏನು ಮಾಡುವುದು ಅನ್ನುತ್ತೀರಿ. ನಾನೂ ಬಿಕಾಂ. ನಾನೂ ಹೀಗೇ ಅಂದುಕೊಂಡಿದ್ದೆ. ಈಗ ರಿಟೈರ್ ಆಗಿ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ನನ್ನ ಪ್ರಮೋಷನ್ ವರ್ಷಗಟ್ಟಲೆ ನಿಂತಿದ್ದು ಆ ಮಷೀನ್ ಕೈಯಲ್ಲಿದ್ದಾಗಲೇ.

ಟ್ರೇನಿಂಗ್‌ಗೆ ಹೋಗಿದ್ದೆ. ತಣ್ಣನೆ ಹಾಲ್, ಮೇಜಿನ ಮೇಲೆ ಒಂದು ಸಿಲಿಂಡರ್. ಪೈಪ್ ಸಿಕ್ಕಿಸಿದರೆ ಪರದೆ ಮೇಲೆ ಆರ್-134ಎ ಅಂತ ಒಳಗಿರುವ ಎಸಿ ಗ್ಯಾಸ್‌ನ ಹೆಸರು ಬರುತ್ತಿತ್ತು. ಎಲ್ಲರೂ ಒಂದೊಂದು ಸಲ ಮಾಡಿದೆವು. ಸರ್ಟಿಫಿಕೇಟ್ ಕೊಟ್ಟರು. ಒಂದೇ ವಾರದಲ್ಲಿ ಆನೆ ದಂತ, ಕೀಟನಾಶಕ, ಹಳೇ ಕಂಪ್ಯೂಟರ್ ಎಲ್ಲವನ್ನೂ ಮದುವೆ ಊಟದ ಎಲೆಗೆ ಬಡಿಸಿದ ಹಾಗೆ ಚೂರುಚೂರು ಬಡಿಸಿದರು.

ಆಮೇಲೆ ಒಂದು ಬಂದರಿಗೆ ವರ್ಗವಾಯಿತು. ಎಸಿ ಗ್ಯಾಸ್‌ನ ಕಂಟೇನರ್ ಬಂತು. ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದುದಾರ ಕಸ್ಟಮ್ಸ್‌ಗೆ ಕೊಡುವ ಸರಕಿನ ಘೋಷಣೆಯಲ್ಲಿ, ಆರ್-134ಎ. ಎಲ್ಲವೂ 13.6 ಕೆಜಿಯ ತಿಳಿನೀಲಿ ಸಿಲಿಂಡರ್. ಓಝೋನ್ ಹಾಳುಮಾಡುವ ಆರ್-22 ಗ್ಯಾಸ್ ತರಬೇಕಾದರೆ 2000ದ ಓಝೋನ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. 134ಎ ಓಝೋನ್‌ಗೆ ಹಾನಿ ಮಾಡಲ್ಲ, ಆ ಕಾಲದಲ್ಲಿ ಅದಕ್ಕೆ ಲೈಸೆನ್ಸ್ ಬೇಕಿರಲಿಲ್ಲ. ಹಳೇ ಎಸಿಗಳಿಗೆಲ್ಲ ಬೇಕಾಗಿದ್ದದ್ದು ಆರ್-22. ಹಾಗಾಗಿ 134ಎ ವೇಷದಲ್ಲಿ ಅದನ್ನು ತರುವ ಆಸೆ ಇದ್ದೇ ಇರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು!

ಸಿಎಚ್‌ಎ (ಆಮದುದಾರನ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಸುವ ಏಜೆಂಟ್) ಕಡೆಯ ಹುಡುಗರು ನಾನು ಬರುವಷ್ಟರಲ್ಲಿ ಬಾಗಿಲ ಹತ್ತಿರದ ಒಂದಷ್ಟು ಸಿಲಿಂಡರ್ ಇಳಿಸಿ ನೆರಳಿಗೆ ತಂದಿಟ್ಟಿದ್ದರು. ಪಕ್ಕದಲ್ಲೊಂದು ಕುರ್ಚಿ, ಟೀ. ಮಷೀನ್ ಹಾಕಿದೆ. ಎಲ್ಲವೂ 134ಎ. 'ರ‍್ಯಾಂಡಮ್ ಆಗಿ ಪರೀಕ್ಷಿಸಲಾಗಿದೆ' ಅಂತ ಬರೆದು ಸಹಿ ಹಾಕಿದೆ. ಅದೇ ಆಮದುದಾರನ ಇನ್ನೊಂದು ಕಂಟೇನರ್ ಬೇರೆ ಬಂದರಿನಲ್ಲಿ ಸಿಕ್ಕಿಬಿತ್ತು. ಮುಂದಿನ ಸಾಲು 134ಎ, ಹಿಂದಿನದ್ದೆಲ್ಲ ಆರ್-22. ಹಳೇ ಕಡತ ತೆಗೆದರು. ನನ್ನ ಸಹಿ ಅಲ್ಲೇ ಇತ್ತು. ಚಾರ್ಜ್‌ಶೀಟ್ ಬಂತು, ಇಂಕ್ರಿಮೆಂಟ್, ಪ್ರಮೋಷನ್ ಎರಡೂ ನಿಂತವು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಮಷೀನ್ ತಪ್ಪು ಹೇಳಲಿಲ್ಲ. ನಾನು ಕಡಿಮೆ ಸಿಲಿಂಡರ್ ನೋಡಿದೆ ಅನ್ನುವುದೂ ಅಲ್ಲ. ಅದೇ ನೆರಳಲ್ಲಿ ಕೂತು ಎರಡು ಪಟ್ಟು ನೋಡಿದ್ದರೂ 134ಎ ಅಂತಲೇ ಬರುತ್ತಿತ್ತು. ಯಾವ ಸಿಲಿಂಡರ್ ನೋಡಬೇಕು ಅಂತ ನಾನು ಆರಿಸಲಿಲ್ಲ. ಅವರು ಆರಿಸಿದರು. ಕಂಟೇನರ್ ಪೂರ್ತಿ ಖಾಲಿ ಮಾಡಿಸಬೇಕಿತ್ತು. ಹಿಂದಿನ ಗೋಡೆಗೆ ತಾಗಿದ ಸಾಲಿನಿಂದ, ನಡುವಿನಿಂದ, ತಳದಿಂದ ನಾನೇ ಬೆರಳು ತೋರಿಸಿ ತೆಗೆಸಬೇಕಿತ್ತು. ಹೀಗೆ ಡಿಸ್ಟಫ್ ಮಾಡಿಸಿದರೆ, ಅಂದರೆ ಸರಕೆಲ್ಲ ಇಳಿಸಿದರೆ, ಕೂಲಿ ಖರ್ಚು, ತಡ, ಜಗಳ. ಬಿಸಿಲು ಬೇರೆ. ಸುಮ್ನೆ ಸಹಿ ಹಾಕಿದೆ. ನಾನು ಬರೆದ 'ರ‍್ಯಾಂಡಮ್' ಸುಳ್ಳು.

ಆದ್ದರಿಂದ ಕೆಮಿಸ್ಟ್ರಿ ಬರಲ್ಲ ಅನ್ನುವ ನಿಮ್ಮ ಚಿಂತೆಯೇ ನನಗೆ ಒಪ್ಪಿಗೆಯಿಲ್ಲ. ಬಿಕಾಂ ಓದಿದ್ದೀರಿ, ಇನ್‌ವಾಯ್ಸ್ ನೋಡಿ. ಕೆಜಿಗೆ ಎಷ್ಟು ದರ ಹಾಕಿದ್ದಾರೆ, ಹಿಂದೆ ಇದೇ ಪಾರ್ಟಿ ಏನು ತಂದಿದ್ದ, ನೋಡಿ. 2022ರ ಎಚ್‌ಎಸ್‌ನಲ್ಲಿ (ಎಲ್ಲ ದೇಶಗಳ ಕಸ್ಟಮ್ಸ್ ಬಳಸುವ ಸರಕಿನ ಕೋಡ್ ಪಟ್ಟಿ) ಎಚ್‌ಎಫ್‌ಸಿಗಳಿಗೆ, ಅಂದರೆ 134ಎ ಥರದ ಓಝೋನ್‌ಗೆ ಹಾನಿ ಮಾಡದ ಗ್ಯಾಸ್‌ಗಳಿಗೆ, ಬಿಡಿಬಿಡಿ ಕೋಡ್ ಬಂದಿವೆ. 134ಎ 2903.45ರಲ್ಲಿ, ಆರ್-22 2903.71ರಲ್ಲಿ. ಇದಕ್ಕೆ ಯಾವ ಕೆಮಿಸ್ಟ್ರಿ ಬೇಕು? ಬಣ್ಣವನ್ನಂತೂ ನಂಬಲೇಬೇಡಿ. ಅಮೆರಿಕದ ಎಸಿ-ಫ್ರಿಜ್ ತಯಾರಕರ ಸಂಘ ಎಎಚ್‌ಆರ್‌ಐ, ಇಂಥ ಎಲ್ಲ ಎಸಿ-ಫ್ರಿಜ್ ಗ್ಯಾಸ್ ಸಿಲಿಂಡರ್‌ಗೂ ಒಂದೇ ಬೂದು-ಹಸಿರು ಬಣ್ಣ ಸಾಕು ಅಂದುಬಿಟ್ಟಿದೆ.

ಟ್ರೇನಿಂಗ್‌ಗೆ ಹೋಗಿ. ಆದರೆ ಅದಕ್ಕೂ ಮೊದಲು ರಜೆಗೆ ಊರಿಗೆ ಬಂದಾಗ ನೂರಡಿ ರಸ್ತೆ ಕಡೆ ಗೊತ್ತಿರುವ ಎಸಿ ಮೆಕ್ಯಾನಿಕ್ ಜೊತೆ ಒಂದಷ್ಟು ದಿನ ಕಳೆಯಿರಿ. ಗ್ಯಾಸ್‌ನ ಒತ್ತಡ ಅಳೆಯುವ ಗೇಜ್ ಹಾಕುವುದನ್ನು ಅವರಿಗಿಂತ ಚೆನ್ನಾಗಿ ಯಾರೂ ಕಲಿಸಲ್ಲ. 25 ಡಿಗ್ರಿಯಲ್ಲಿ 134ಎ ಸುಮಾರು 80 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಆರ್-22 ಸುಮಾರು 137. ಮೇಲ್ನೋಟಕ್ಕೆ ಸುಲಭ ಅಲ್ವಾ? 40 ಡಿಗ್ರಿಗೆ ಕಾದ 134ಎ ಸಿಲಿಂಡರ್ ಕೂಡ 130ರ ಮೇಲೇ ತೋರಿಸುತ್ತದೆ. ಅಂದರೆ ಸಿಲಿಂಡರ್ ಎಷ್ಟು ಬಿಸಿಯಿದೆ ಅಂತ ಬರೆದುಕೊಳ್ಳದೆ ಗೇಜ್ ಓದಿದರೆ ಅದು ಬರೀ ಒಂದು ಸಂಖ್ಯೆ. ಇನ್ನು ನಿಷೇಧವಾದ ಆರ್-12 ಹೆಚ್ಚುಕಡಿಮೆ 134ಎಯಷ್ಟೇ ಒತ್ತಡ ತೋರಿಸುತ್ತದೆ. ಅಲ್ಲಿ ಮಷೀನೇ ಬೇಕು.

ಇದು ಬರೀ ಓಝೋನ್ ವಿಷಯವೂ ಅಲ್ಲ. 2011ರಲ್ಲಿ ವಿಯೆಟ್ನಾಂನಲ್ಲಿ ರಿಪೇರಿಯಾದ ಕೆಲವು ಶೈತ್ಯ ಕಂಟೇನರ್‌ಗಳು ಸಿಡಿದು ಜನ ಸತ್ತರು. 134ಎ ಹೆಸರಿನ ನಕಲಿ ಗ್ಯಾಸ್‌ನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಅನುಮಾನ ಬಂದ ಸಿಲಿಂಡರ್‌ನ ವಾಲ್ವ್ ನೀವೇ ತಿರುಗಿಸಬೇಡಿ, ಗೊತ್ತಿರುವವರನ್ನು ಕರೆಸಿ.

ಟ್ರೇನಿಂಗ್‌ನಲ್ಲಿ ಒಂದು ಪ್ರಶ್ನೆ ಖಂಡಿತ ಕೇಳಿ. ಹಿಡಿದ ಗ್ಯಾಸ್ ಎಲ್ಲಿಡುವುದು? ನನ್ನ ಬ್ಯಾಚ್‌ಗೆ ಯಾರೂ ಹೇಳಲಿಲ್ಲ. ಕೇಸ್ ಮುಗಿಯುವವರೆಗೆ ಸಿಲಿಂಡರ್‌ಗಳು ಗೋದಾಮಿನಲ್ಲಿ ಬಿದ್ದಿರುತ್ತವೆ, ಹಳೆಯದಾಗಿ ವಾಲ್ವ್ ಸೋರುತ್ತದೆ. ಸೋರಿದರೆ ಕಳ್ಳ ಮಾರಿದ್ದರೂ ಅಷ್ಟೇ, ನಾವು ಹಿಡಿದಿಟ್ಟರೂ ಅಷ್ಟೇ, ಹೋಗುವುದು ಅದೇ ಗಾಳಿಗೆ. ಉತ್ತರ ಬರೆಸಿಕೊಂಡೇ ಬನ್ನಿ, ಬಾಯಿಮಾತಲ್ಲಿ ಬಿಡಬೇಡಿ.