ನಿಮ್ಮ ಲೇಖನದಲ್ಲಿ ಡೀಸೆಲ್ ಎಲ್ಲಿ ಹೋಯಿತು?

ನಮಸ್ಕಾರ,

ನೀವು ಕಳಿಸಿದ 'ಕಡಲೇ ಕಾಮಧೇನು' ಓದಿದೆ. ಲಕ್ಷದ್ವೀಪಕ್ಕೆ ಬೇಕಾದ ಕರೆಂಟು, ಕುಡಿಯುವ ನೀರು ಎರಡನ್ನೂ ಕಡಲಿನಿಂದಲೇ ಪಡೆಯುವ ವಿಷಯ ಒಳ್ಳೆಯದು. ತುಂಬಾ ಓದಿಕೊಂಡಿದ್ದೀರಿ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಬೇಡದ ಲೇಖನಕ್ಕೆ ನಾನು ಎರಡು ಸಾಲು ಬರೆದು ಕೈತೊಳೆದುಕೊಳ್ಳುವವನು. ನಿಮ್ಮದು ಸಿಟ್ಟು ಬರಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡನೇ ಪುಟದ ಈ ಸಾಲು ನೋಡಿ: 'ಕವರತ್ತಿಯಲ್ಲಿ 2005ರಿಂದ ಸಾಗರಮಾತೆಯು ತನ್ನ ಒಡಲ ಶಾಖದಿಂದಲೇ ದಿನವೂ ಒಂದು ಲಕ್ಷ ಲೀಟರ್ ಸಿಹಿನೀರನ್ನು ಉಚಿತವಾಗಿ ಧಾರೆಯೆರೆಯುತ್ತಿದ್ದಾಳೆ.'

ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಸ್ಥಾವರ ಶುರುವಾಗಿದ್ದು 2005ರಲ್ಲಿ, ಅದು ಸರಿ. ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ ಅನ್ನುವುದೂ ಸರಿ. ಸಾಗರಮಾತೆಯನ್ನು ನಿಮ್ಮ ವಯಸ್ಸು ನೋಡಿ ಕ್ಷಮಿಸುತ್ತೇನೆ. 'ಉಚಿತವಾಗಿ' ಎಲ್ಲಿಂದ ಬಂತು?

ಅಲ್ಲಿ ಆಗುವುದೇನು ಅಂತ ನಿಮಗೆ ಗೊತ್ತಿದೆ, ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಕಡಲ ಮೇಲಿನ ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ. ಅದನ್ನು ಗಾಳಿ ಹೀರಿ ತೆಗೆದ ಕೋಣೆಯೊಳಗೆ ಬಿಟ್ಟರೆ ಒಲೆಯೇ ಇಲ್ಲದೆ ಸ್ವಲ್ಪ ನೀರು ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ಎಳೆದು ತಂದ ತಣ್ಣೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ. ಉಪ್ಪು ಹಿಂದೆಯೇ ಉಳಿಯುತ್ತದೆ. ಚಂದದ ಕೆಲಸ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರದು. ಆದರೆ ನೂರು ಲೀಟರ್ ಬೆಚ್ಚನೆ ನೀರು ಒಳಗೆ ಹೋದರೆ ಸಿಹಿನೀರಾಗಿ ಕೈಗೆ ಸಿಗುವುದು ಸುಮಾರು ಒಂದೇ ಲೀಟರ್. ಅಂದರೆ ದಿನಕ್ಕೆ ಒಂದು ಲಕ್ಷ ಲೀಟರ್ ಬೇಕಿದ್ದರೆ ಒಂದು ಕೋಟಿ ಲೀಟರಿನಷ್ಟು ಕಡಲ ನೀರನ್ನು ಎತ್ತಿ ಸುರಿಯುತ್ತಿರಬೇಕು, ಅದರ ಜೊತೆಗೆ ಆಳದ ತಣ್ಣೀರನ್ನು ಬೇರೆ ಎಳೆಯಬೇಕು, ಕೋಣೆಯ ಗಾಳಿಯನ್ನೂ ಹೀರುತ್ತಲೇ ಇರಬೇಕು. ಇಷ್ಟು ಪಂಪುಗಳಿಗೆ ಕರೆಂಟು ಎಲ್ಲಿಂದ? ಹೆಚ್ಚಾಗಿ ದ್ವೀಪದ ಡೀಸೆಲ್ ಜನರೇಟರುಗಳಿಂದ. ಆ ಡೀಸೆಲ್ ಕೂಡ ಕಡಲು ದಾಟಿಯೇ ಬರಬೇಕು!

ನಿಮ್ಮ ಹತ್ತು ಪುಟಗಳಲ್ಲಿ ಡೀಸೆಲ್ ಅನ್ನುವ ಪದ ಹುಡುಕಿದೆ. ಒಂದು ಕಡೆಯೂ ಇಲ್ಲ.

ಮರೆತಿರಿ ಅಂತ ನನಗೆ ಅನಿಸುವುದಿಲ್ಲ. ಯಾಕೆಂದರೆ ಇಂಥದ್ದೇ ನೀರಿನ ಘಟಕದ ಪಂಪು ಓಡಿಸಲು ಕಡಲ ಶಾಖದಿಂದಲೇ 65 ಕಿಲೋವಾಟ್ ಕರೆಂಟು ತೆಗೆಯುವ ಸ್ಥಾವರವನ್ನು ಕವರತ್ತಿಯಲ್ಲಿ ಕಟ್ಟಲು ಹೊರಟಿದ್ದಾರೆ ಅಂತ ಏಳನೇ ಪುಟದಲ್ಲಿ ನೀವೇ ಹೇಳುತ್ತೀರಿ. ನೀರು ಮೊದಲಿನಿಂದಲೂ ಪುಕ್ಕಟೆಯಾಗಿದ್ದರೆ ಆ 65 ಕಿಲೋವಾಟ್ ಯಾರಿಗೆ ಬೇಕಿತ್ತು? ಡೀಸೆಲ್ ಮುಚ್ಚಿಟ್ಟಿರಿ. ಅದರ ಜೊತೆ ಲೇಖನದ ಒಳ್ಳೆಯ ಭಾಗವೂ ಮುಚ್ಚಿಹೋಯಿತು.

ಜಾರ್ಜ್ ಕ್ಲೋಡ್‌ಗೂ ಇದನ್ನೇ ಮಾಡಿದ್ದೀರಿ. '1930ರಲ್ಲಿಯೇ ಕ್ಯೂಬಾದಲ್ಲಿ ಕಡಲ ಶಾಖದಿಂದ 22 ಕಿಲೋವಾಟ್ ಉತ್ಪಾದಿಸಿ ಜಗತ್ತನ್ನು ಬೆರಗುಗೊಳಿಸಿದ ಮಹಾನ್ ಫ್ರೆಂಚ್ ವಿಜ್ಞಾನಿ.' ಉತ್ಪಾದಿಸಿದ್ದು ನಿಜ. ಆ ಯಂತ್ರ ಓಡಿಸಲು ಅದಕ್ಕಿಂತ ಜಾಸ್ತಿ ಕರೆಂಟು ಖರ್ಚಾಯಿತು ಅನ್ನುವುದೂ ಅಷ್ಟೇ ನಿಜ. ಅದನ್ನು ಬರೆದಿದ್ದರೆ ಅವನು ನಿಮ್ಮ ಪುಟದಲ್ಲಿ ಮನುಷ್ಯನಾಗುತ್ತಿದ್ದ. ಈಗ ಶಾಲು ಹೊದ್ದು ಸನ್ಮಾನಕ್ಕೆ ಕೂತವನ ಹಾಗಿದ್ದಾನೆ.

ಇನ್ನೊಂದು ಸಾಲು: 'ಇಂತಹ ಘಟಕಗಳನ್ನು ಇತರ ದ್ವೀಪಗಳಲ್ಲಿಯೂ ಸ್ಥಾಪಿಸಬೇಕಾಗಿದೆ.' ಯಾರು ಸ್ಥಾಪಿಸಬೇಕು? ನಾನಾ? ಮಿನಿಕಾಯ್‌ನಲ್ಲಿ, ಅಗತ್ತಿಯಲ್ಲಿ 2011ರಲ್ಲೇ ಸ್ಥಾಪಿಸಿ ಆಗಿದೆ. ನಿಮ್ಮ ಲೇಖನದಲ್ಲಿ ಬೇಕಾಗಿದೆ, ಆಗಬೇಕಿದೆ, ಕೈಗೊಳ್ಳಬೇಕಾಗಿದೆ ಎಲ್ಲ ಸೇರಿ 14 ಸಲ ಬಂದಿವೆ, ಪೆನ್ಸಿಲ್ ಹಿಡಿದು ಎಣಿಸಿದೆ. ಒಂದಕ್ಕಾದರೂ ಮಾಡುವವರು ಇಲ್ಲ. ಮಂತ್ರಿಗಳ ಭಾಷಣದಲ್ಲಿ ಇದು ನಡೆಯುತ್ತದೆ, ಅವರಿಗೆ ಅನುಕೂಲವೂ ಹೌದು. ನಿಮಗೇನು ಅನುಕೂಲ?

ಈ ರೋಗ ನನಗೂ ಇತ್ತು. ಮಂಗಳೂರಿನ ಸಣ್ಣ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ, ಅಂದರೆ ಸರಕು ಸಾಗಿಸುವ ಮರದ ಹಡಗುಗಳ ಬಗ್ಗೆ ಬರೆಯಲು ಕಳಿಸಿದರು. ಹಡಗು ನಿಲ್ಲುವ ದಕ್ಕೆಯಲ್ಲಿ ಅರ್ಧ ಗಂಟೆ ನಿಂತು ಸೂರ್ಯಾಸ್ತ ನೋಡಿ ಬಂದೆ. 'ಅಲೆಗಳ ತೊಟ್ಟಿಲಲ್ಲಿ ತೂಗುವ ದಾರು ಸುಂದರಿಯರು' ಅಂತ ಶುರು ಮಾಡಿದ್ದೆ, ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ನಮ್ಮ ಹಿರಿಯ ಉಪಸಂಪಾದಕರು ಪೂರ್ತಿ ಓದಿದರು. ಬೈಯಲಿಲ್ಲ. 'ಅದರೊಳಗೆ ಎಂತ ಉಂಟು ಮಾರಾಯಾ?' ಅಂತ ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮತ್ತೆ ದಕ್ಕೆಗೆ ಹೋದೆ. ಸಿಮೆಂಟು, ಜಲ್ಲಿ, ನೀರುಳ್ಳಿ, ತರಕಾರಿ, ಒಂದು ಮೂಲೆಯಲ್ಲಿ ಕಟ್ಟಿಹಾಕಿದ ಆಡುಗಳು. ಜಲ್ಲಿ ಯಾಕೆ ಅಂತ ಕೇಳಿದ್ದಕ್ಕೆ ಮಂಜಿಯವನು ನಕ್ಕ. ಅಲ್ಲಿ ಬಂಡೆ ಎಲ್ಲಿದೆ, ಹವಳ ಮತ್ತು ಮರಳು ಅಷ್ಟೇ ಅಲ್ವಾ ಅಂದ. ಮನೆ ಕಟ್ಟುವ ಕಲ್ಲನ್ನೂ ಹಡಗಿನಲ್ಲಿ ತರಿಸಿಕೊಳ್ಳುವ ಊರು ಅದು ಅಂತ ಗೊತ್ತಾಗಿದ್ದು ಆಗಲೇ. ಮಳೆಗಾಲದಲ್ಲಿ ಮಂಜಿ ಹೊರಡುವುದಿಲ್ಲ ಅನ್ನುವುದನ್ನೂ ಅವನೇ ಹೇಳಿದ. ಅದೆಲ್ಲ ಬರೆದೆ. ಸುಂದರಿಯರು ಹೋದರು, ಆಡುಗಳು ಅಚ್ಚಾದವು.

ಅಲೆಯಿಂದ ಕರೆಂಟು ತೆಗೆಯುತ್ತಿದ್ದ ಕೇರಳದ ವಿಳಿಂಜಂ ಬಗ್ಗೆ ನೀವು ಬರೆದದ್ದಕ್ಕೆ ಈಗ ಜಗಳ ಬೇಡ. 1991ರ ಆ 150 ಕಿಲೋವಾಟ್ ಸ್ಥಾವರ ಕೆಲಸ ನಿಲ್ಲಿಸಿದೆ. ಸುಮ್ನೆ 'ಇದೆ' ಇರುವಲ್ಲೆಲ್ಲ 'ಇತ್ತು' ಮಾಡಿ.

ನಾನು ಈ ಲೇಖನವನ್ನು ಕಸದ ಬುಟ್ಟಿಗೆ ಹಾಕದೆ ಇಟ್ಟುಕೊಂಡಿದ್ದು ಆರನೇ ಪುಟದ ಒಂದು ಕಂಸಕ್ಕಾಗಿ. 'ನನ್ನ ದೊಡ್ಡಪ್ಪ ಮಂಜಿಯಲ್ಲಿ ಕವರತ್ತಿಗೆ ಹೋಗಿ ಬರುತ್ತಿದ್ದರು, ಅಲ್ಲಿ ಚಹಾ ಕೂಡ ಉಪ್ಪುಪ್ಪು ಅನ್ನುತ್ತಿದ್ದರು' ಅಂತ ಬರೆದಿದ್ದೀರಿ. ಇದನ್ನು ಕಂಸದಲ್ಲಿ ಯಾಕೆ ಇಟ್ಟಿರಿ? ಹವಳದ ದ್ವೀಪದಲ್ಲಿ ಮಳೆಯ ಸಿಹಿನೀರು ಕಡಲ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಬಾವಿಯಿಂದ ಜಾಸ್ತಿ ಎತ್ತಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಇದನ್ನು ನೀವು ಒಂದು ಪುಟ ವಿವರಿಸಿದ್ದೀರಿ, ನಿಮ್ಮ ದೊಡ್ಡಪ್ಪ ಒಂದು ಲೋಟದಲ್ಲಿ ಹೇಳಿದ್ದಾರೆ.

ಅವರಿದ್ದರೆ ಇವತ್ತೇ ಫೋನ್ ಮಾಡಿ. ಚಹಾ ಯಾವ ವರ್ಷದವರೆಗೆ ಉಪ್ಪಾಗಿತ್ತು, ಆಮೇಲೆ ಸರಿಹೋಯಿತಾ ಕೇಳಿ. ಅಲ್ಲಿಂದ ಶುರು ಮಾಡಿ ನಾಲ್ಕು ಪುಟದಲ್ಲಿ ಮುಗಿಸಿ ಕಳಿಸಿ. ಡೀಸೆಲ್ ಮರೆಯಬೇಡಿ.