ಶಾಲೆ ಮುಂದಿನ ರಸ್ತೆಗೆ ಹಂಪ್, ದೀಪ: ದುಡ್ಡು ಎಲ್ಲಿಂದ?

ಕುಷ್ಟಗಿ ಕಡೆಯವರೊಬ್ಬರು ಕೇಳಿದ್ದಾರೆ: ಶಾಲೆ ಮುಂದೆ ಹಂಪ್, ದೀಪ, ಬೋರ್ಡು ಹಾಕಿಸಲು ಸರ್ಕಾರದ ಹಣ ಸಿಗುತ್ತಾ?

ಸಿಗುತ್ತದೆ. ಆದರೆ ಮೊದಲು ಆ ರಸ್ತೆ ಯಾರದ್ದು ಅಂತ ನೋಡಿ. ಕೊಪ್ಪಳ ಜಿಲ್ಲೆಯಲ್ಲಿ ಹಾಯುವ ಎನ್‌ಎಚ್ 50, ಎನ್‌ಎಚ್ 67 ರಾಷ್ಟ್ರೀಯ ಹೆದ್ದಾರಿಗಳು. ಅಲ್ಲಿ ಪಂಚಾಯಿತಿ ದುಡ್ಡು ನಡೆಯುವುದಿಲ್ಲ, ಹಂಪ್‌ಗೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ರಂಬಲ್ ಪಟ್ಟಿ (ಚಾಲಕರನ್ನು ಎಚ್ಚರಿಸುವ ಸಣ್ಣ ಉಬ್ಬು ಪಟ್ಟಿಗಳು), ದೀಪ ಕೇಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಊರೊಳಗಿನ ರಸ್ತೆಯ ದೀಪ ಪಂಚಾಯಿತಿಯದ್ದು.

ಅರ್ಜಿ ಕೊಡಬೇಕಾದ ಜಾಗ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿಯವರು ಒಂದೇ ಮೇಜಿಗೆ ಬರುವುದರಿಂದ 'ನಮ್ಮದಲ್ಲ, ಅವರದ್ದು' ಅನ್ನೋ ಆಟ ಸ್ವಲ್ಪ ಕಡಿಮೆ. ಸುಮ್ನೆ 'ಅಪಘಾತ ಜಾಸ್ತಿ' ಅಂತ ಬರೆದರೆ ಫೈಲಿನಲ್ಲೇ ಉಳಿಯುತ್ತದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಎಫ್‌ಐಆರ್ ನಂಬರು, ಶಾಲೆ ಬಿಡುವ ಹೊತ್ತಿನ ಫೋಟೊ ಸೇರಿಸಿ. ಹೆದ್ದಾರಿಯ ಸುಮಾರು 500 ಮೀಟರ್‌ನೊಳಗೆ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್‌ಸ್ಪಾಟ್, ಅಂದರೆ ಪದೇಪದೇ ಅಪಘಾತವಾಗುವ ಜಾಗ. ಆಗ ನಿಮ್ಮ ಮಾತಿಗೆ ತೂಕ ಬೇರೆ.



ಇಲಾಖೆಯವರು 'ಅನುದಾನ ಇಲ್ಲ' ಅಂದರೆ ಶಾಸಕರ ನಿಧಿ, ಸಂಸದರ ನಿಧಿ (ವರ್ಷಕ್ಕೆ 5 ಕೋಟಿ) ಇವೆ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಇರುವ ನಮ್ಮ ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಅದರ ಕ್ರಿಯಾಯೋಜನೆಗೆ (ಕೈಗೊಳ್ಳುವ ಕೆಲಸಗಳ ಪಟ್ಟಿ) ನಿಮ್ಮ ಕೆಲಸದ ಹೆಸರು ಸೇರಬೇಕಾದರೆ ಶಾಸಕರನ್ನೇ ಹಿಡಿಯಿರಿ, ಅದೂ ಪಟ್ಟಿ ತಯಾರಾಗುವ ಮೊದಲೇ.